ಇಳಕಲ್ಲಿನಾಚೆಯ ಪರರಾಜ್ಯ

ಯಾವ ದೇಶದವರು ಸುಖವಾಗಿದ್ದಾರೆ, ಯಾವ ದೇಶದವರು ಕಷ್ಟದಲ್ಲಿದ್ದಾರೆ ಎಂಬ ಚರ್ಚೆ ನಮ್ಮ ಚಹದಂಗಡಿಗಳಲ್ಲಿ ಎಂದೂ ಮುಗಿಯುವದಿಲ್ಲ. ಒಬ್ಬನು ಅಮೇರಿಕೆಯ ಪಗಾರವನ್ನು ರೂಪಾಯಿಗೆ ಗುಣಿಸಿ ಹೇಳುತ್ತಾನೆ. ಇನ್ನೊಬ್ಬನು ಚೀನದ ರೈಲುಗಳನ್ನು ಹೊಗಳುತ್ತಾನೆ. ದುಬಾಯಿಗೆ ದುಡಿಯಲು ಹೋದವನ ತಮ್ಮನು ಅಲ್ಲಿಯ ರಸ್ತೆಗಳನ್ನು ತಾನೇ ಕಂಡವನಂತೆ ಬಣ್ಣಿಸುತ್ತಾನೆ. ಕೇಳುವವರಿಗೆ ಹೊತ್ತು ಹೋಗುತ್ತದೆ, ಅಷ್ಟೇ. ಎರಡು ದೇಶಗಳ ಬಾಳನ್ನು ತೂಗಿ ನೋಡಬೇಕೆನ್ನುವವರು ಅಷ್ಟು ದೂರ ಹೋಗಬೇಕಾದ ಕಾರಣವೇ ಇಲ್ಲ. ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಒಂದು ತಾಸಿನೊಳಗಾಗಿ ಮುಟ್ಟುವ ಕುಷ್ಟಗಿಯು 1948ರ ವರೆಗೆ ಪರರಾಜ್ಯವಾಗಿದ್ದಿತು. ಅಲ್ಲಿಯ ದುಡ್ಡು ಬೇರೆ, ಕಾಯಿದೆ ಬೇರೆ, ಕಚೇರಿಯ ಭಾಷೆ ಬೇರೆ, ಟಪಾಲಿನ ತಿಕೀಟು ಸಹ ಬೇರೆ.

ಹುನಗುಂದ, ಬಾದಾಮಿ, ಬಾಗಲಕೋಟೆಗಳು 1818ರಲ್ಲಿ ಪೇಶವೆಯರ ಕೈಬಿಟ್ಟು ಇಂಗ್ಲಿಷರ ಕೈಸೇರಿದವು. ಮುಂದೆ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯ ತಾಲೂಕುಗಳಾದವು. ಕುಷ್ಟಗಿ, ಲಿಂಗಸೂಗೂರುಗಳು ಹೈದರಾಬಾದಿನ ನಿಜಾಮರಲ್ಲಿಯೇ ಉಳಿದವು. ಹೀಗೆ ಎರೆಹೊಲಗಳ ನಡುವೆ ಬಿದ್ದ ಗೆರೆಯು ನೂರಾಮೂವತ್ತು ವರುಷ ಇದ್ದಿತು. ಗೆರೆಯ ಎರಡೂ ಬದಿಗೆ ಬೆಳೆಯುವದು ಅದೇ ಜೋಳ, ಅದೇ ಹತ್ತಿ. ಬಡಿಯುವದು ಅದೇ ರೊಟ್ಟಿ. ಹೆಣ್ಣುಮಕ್ಕಳ ಮೈಮೇಲೆ ಅದೇ ಇಳಕಲ್ಲ ಸೀರೆ, ಅದೇ ಗುಳೇದಗುಡ್ಡದ ಖಣ. ಮಳೆ ಕೈಕೊಟ್ಟರೆ ಎರಡೂ ಕಡೆಗೆ ಒಮ್ಮೆಯೇ ಕೈಕೊಡುತ್ತಿದ್ದಿತು. ಬೀಗತನಗಳಂತೂ ಗೆರೆಯನ್ನು ಲೆಕ್ಕಿಸಿದ್ದೇ ಇಲ್ಲ. ಅಕ್ಕನ ಮನೆ ಇಂಗ್ಲಿಷರಲ್ಲಿ, ತಂಗಿಯ ಮನೆ ಮೊಗಲಾಯಿಯಲ್ಲಿ. ನಿಜಾಮರ ಸೀಮೆಗೆ ನಮ್ಮ ಹಿರಿಯರು ‘ಮೊಗಲಾಯಿ’ ಎಂದೇ ಹೇಳುತ್ತಿದ್ದರು. ನೆಲ, ನುಡಿ, ಕಸಬು, ಕುಲ ಎಲ್ಲವೂ ಒಂದೇ ಇದ್ದು ಆಳುವವರು ಮಾತ್ರ ಬೇರೆಯಾದರೆ ಬಾಳು ಎಷ್ಟು ಬೇರೆಯಾಗುವದೆಂಬುದನ್ನು ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಕ್ಕಲಾರದು. ಕೋರಿಯದವರ ನಾಡಿನಲ್ಲಿ 1945ರಲ್ಲಿ ಹೊರಗಿನವರು ಗೆರೆ ಎಳೆದರು, ಜರ್ಮನಿಯಲ್ಲಿ 1949ರಲ್ಲಿ ಎರಡು ಸರಕಾರಗಳಾದವು. ಪಂಡಿತರು ಅವುಗಳ ಮೇಲೆ ರಾಶಿರಾಶಿ ಪುಸ್ತಕ ಬರೆದಿದ್ದಾರೆ. ನಮ್ಮ ಗೆರೆಗೆ ಅಷ್ಟು ಭಾಗ್ಯವಿಲ್ಲ.

ಸಣ್ಣ ವ್ಯಾಪಾರಸ್ಥರ ಮಾತನ್ನೇ ಮೊದಲು ನೋಡೋಣ. ನಿಜಾಮರ ರಾಜ್ಯದಲ್ಲಿ ಹಾಲಿ ಸಿಕ್ಕಾ ನಡೆಯುತ್ತಿದ್ದಿತು. ಸುಮಾರಾಗಿ ಅವರ 7 ರೂಪಾಯಿಗೆ ನಮ್ಮ ಕಡೆಯ 6 ರೂಪಾಯಿ. ಸೀರೆಯ ಗಂಟು ಹೊತ್ತು ಆಚೆಯ ಸಂತೆಗೆ ಹೋದವನು ಮೊದಲು ಕರೋಡಗಿರಿ ನಾಕೆಯಲ್ಲಿ ಗಂಟು ಬಿಚ್ಚಿ ಸುಂಕ ತೆರಬೇಕು. ಮಾರಿದ ಮೇಲೆ ಬಂದ ಸಿಕ್ಕಾ ಹಣವನ್ನು ಸರಾಫನಲ್ಲಿ ಬದಲಿಸಿಕೊಳ್ಳಬೇಕು, ಅವನ ವಟ್ಟಾ ಬೇರೆ. ಇಷ್ಟೆಲ್ಲ ಹರಿದು ಹೋಗಿ ಉಳಿದದ್ದು ನೇಕಾರನ ಮಜೂರಿಯಲ್ಲಿಯೇ ಕಡಿತವಾಗುತ್ತಿದ್ದಿತಲ್ಲದೆ ಸಾವಕಾರನ ಲಾಭದಲ್ಲಿ ಅಲ್ಲ. 1947ರ ಅಗಸ್ಟ 15ಕ್ಕೆ ನಾವು ಸ್ವತಂತ್ರರಾದೆವು. ನಿಜಾಮರು ಭಾರತವನ್ನು ಸೇರದೆ ನಿಂತರು. ಅದೇ ವರುಷದ ಕೊನೆಗೆ ಭಾರತದ ನಾಣ್ಯ ತಮ್ಮ ರಾಜ್ಯದಲ್ಲಿ ಚಲಾವಣೆಯಿಲ್ಲವೆಂದು ಹುಕುಂ ಹೊರಡಿಸಿದರು. ಅಂದಿನಿಂದ ಇಳಕಲ್ಲಿನ ರೂಪಾಯಿಗೆ ಕುಷ್ಟಗಿಯಲ್ಲಿ ಬೆಲೆಯೇ ಇಲ್ಲ! 1948ರ ಸಪ್ಟಂಬರ 13ಕ್ಕೆ ಭಾರತದ ಸೇನೆ ಒಳನುಗ್ಗಿ 17ಕ್ಕೆ ಕೆಲಸ ಮುಗಿಸುವ ವರೆಗೆ, ಹದಿಮೂರು ತಿಂಗಳು, ಆ ಗೆರೆಯು ಬರಿಯ ಸುಂಕದ ಗೆರೆಯಾಗಿರಲಿಲ್ಲ. ಅದು ಎರಡು ದೇಶಗಳ ಗಡಿಯಾಗಿದ್ದಿತು.

ಆ ಹದಿಮೂರು ತಿಂಗಳಲ್ಲಿ ಜನರು ಯಾವ ದಿಕ್ಕಿಗೆ ನಡೆದರು? ಎರಡು ದೇಶಗಳ ಬಾಳನ್ನು ತೂಗುವಾಗ ನಾವು ಮೊದಲು ಕೇಳುವ ಪ್ರಶ್ನೆ ಇದು. ಅಂಕಿಸಂಖ್ಯೆಗಳನ್ನು ತಿದ್ದಬಹುದು, ಹೊತ್ತ ಗಂಟು, ಕಂಕುಳದ ಕೂಸಿನೊಂದಿಗೆ ನಡೆಯುವ ಕಾಲುಗಳು ಸುಳ್ಳು ಹೇಳುವದಿಲ್ಲ. ರಜಾಕಾರರ ಹಾವಳಿಗೆ ಬೆದರಿದ ಹಳ್ಳಿಗಳವರು ಆಚೆಯಿಂದ ಈಚೆಗೆ ಬಂದರು. ಗಡಿಯುದ್ದಕ್ಕೂ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದ ಶಿಬಿರವು ಹೆಸರಾದದ್ದು. ಇದನ್ನು ಹಿಂದೂ-ಮುಸಲ್ಮಾನರ ಜಗಳವೆಂದು ಹೇಳುವವರು ಇಂದಿಗೂ ಇದ್ದಾರೆ. ಅಂಥವರು ಶೋಯಬುಲ್ಲಾ ಖಾನರ ಹೆಸರು ಕೇಳಿರಲಿಕ್ಕಿಲ್ಲ. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ ಆ ತರುಣನು, ರಾಜ್ಯವು ಭಾರತಕ್ಕೆ ಸೇರಬೇಕೆಂದು ಬರೆದ ಒಂದೇ ತಪ್ಪಿಗೆ 1948ರ ಅಗಸ್ಟದಲ್ಲಿ ಕೊಲೆಯಾದನು. ಅರಸನ ವಿರುದ್ಧ ಮಾತಾಡಿದವನ ಧರ್ಮವನ್ನು ಅರಸೊತ್ತಿಗೆ ಎಂದೂ ಕೇಳಿಲ್ಲ.

ಈಗ ಸಾಲೆಯ ಮಾತು. ಇದೇ ಎಲ್ಲಕ್ಕೂ ಬೇರು. ನಿಜಾಮರ ರಾಜ್ಯದಲ್ಲಿ ಕಚೇರಿ, ಕೋರ್ಟು, ಮೇಲಿನ ವಿದ್ಯೆ ಎಲ್ಲವೂ ಉರ್ದುವಿನಲ್ಲಿ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಕಟ್ಟಿ ವೈದ್ಯಶಾಸ್ತ್ರವನ್ನು ಸಹ ಉರ್ದುವಿನಲ್ಲಿ ಕಲಿಸಿದರು. ಇಂಗ್ಲಿಷಿನ ಬದಲು ನಮ್ಮ ದೇಶದ ಒಂದು ಭಾಷೆಯಲ್ಲಿ ಇಷ್ಟೆಲ್ಲ ಕಲಿಸಿದ್ದು ಹೊಗಳತಕ್ಕ ಸಾಹಸವೇ. ಉರ್ದುವಿನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಓಣಿಯ ಎಷ್ಟೋ ಮನೆಗಳ ಭಾಷೆ ಅದು. ಆದರೆ ಕುಷ್ಟಗಿಯ ಒಕ್ಕಲಿಗನಿಗೆ, ದೋಟಿಹಾಳದ ನೇಕಾರನಿಗೆ ತನ್ನ ಹೊಲದ ಬಗ್ಗೆ ಬಂದ ನೋಟೀಸನ್ನು ಓದಲು ಬಾರದು, ಓದಿ ಹೇಳುವವನಿಗೆ ಕೈಬೆಚ್ಚಗೆ ಮಾಡಬೇಕು. ಮನೆಯಲ್ಲಿ ಕನ್ನಡ ಆಡುವ ಹುಡುಗನು ಮುಂದೆ ಓದಬೇಕಾದರೆ ಇನ್ನೊಂದು ನುಡಿಯ ಬಾಗಿಲಲ್ಲಿ ನಿಲ್ಲಬೇಕು. ಹತ್ತರಲ್ಲಿ ಒಂಬತ್ತು ಮಂದಿ ಆ ಬಾಗಿಲನ್ನು ತಟ್ಟಲೇ ಇಲ್ಲ. 1951ರ ಜನಗಣತಿಯಲ್ಲಿ ಹೈದರಾಬಾದ ರಾಜ್ಯದ ಸಾಕ್ಷರರು ನೂರಕ್ಕೆ 10ರ ಒಳಗೇ ಇದ್ದರು. ಮುಂಬಯಿ ರಾಜ್ಯದಲ್ಲಿ ನೂರಕ್ಕೆ 20ನ್ನು ದಾಟಿದ್ದರು. ಮುಂಬಯಿ ಶಹರವೂ ಈ ಲೆಕ್ಕದಲ್ಲಿ ಕೂಡಿದ್ದರಿಂದ ವಿಜಾಪುರ ಜಿಲ್ಲೆಯವರು ಬಹಳ ಹಿಗ್ಗಬೇಕಾದ್ದಿಲ್ಲ. ಆದರೂ ಅಂತರ ಅಂತರವೇ.

ಈಚೆಯ ಸಾಲೆಗಳನ್ನು ಇಂಗ್ಲಿಷ ದೊರೆಗಳು ಪ್ರೀತಿಯಿಂದ ಕೊಟ್ಟರೆಂದು ಯಾರೂ ತಿಳಿಯಬಾರದು. ಮೊದಲಿಗೆ ನಮ್ಮ ಸಾಲೆಗಳಲ್ಲಿಯೂ ಮರಾಠಿಯೇ ಇದ್ದಿತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಸಾಲೆಗಳನ್ನು ತೆರೆಯಿಸಿದರು. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘವು ಹುಟ್ಟಿತು. ಅದಕ್ಕೆ ಕಾಳು-ಕಡಿ, ದುಡ್ಡು-ದುಗ್ಗಾಣಿ ಕೊಟ್ಟವರು ಮಠದವರು, ಅಂಗಡಿಕಾರರು, ಒಕ್ಕಲಿಗರು. ಅಂಥ ಸಂಸ್ಥೆ ಕಟ್ಟಲು ಈಚೆಯಲ್ಲಿ ಯಾರ ಪರವಾನಗಿಗೂ ಕಾಯಬೇಕಾಗಿರಲಿಲ್ಲ. ಆಚೆಯಲ್ಲಿ ನಾಲ್ಕು ಜನ ಸಭೆ ಸೇರಲಿಕ್ಕೂ ಸರಕಾರದ ಅಪ್ಪಣೆ ಬೇಕಾಗಿದ್ದಿತು. ಗುಲಬರ್ಗೆಯಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆ ತಲೆಯೆತ್ತಿದ್ದು 1958ರಲ್ಲಿ, ಎಂದರೆ ಬಾಗಲಕೋಟೆಯ ಸಂಘಕ್ಕಿಂತ ಐವತ್ತೆರಡು ವರುಷ ತಡವಾಗಿ. ಕರ್ನಾಟಕ ವಿಶ್ವವಿದ್ಯಾಲಯ 1949ರದು, ಗುಲಬರ್ಗಾ ವಿಶ್ವವಿದ್ಯಾಲಯ 1980ರದು. ಅಪ್ಪ ಓದಲಿಲ್ಲ, ಆದ್ದರಿಂದ ಮಗನೂ ಓದಲಿಲ್ಲ, ಮೊಮ್ಮಗ ಅರ್ಧಕ್ಕೆ ಬಿಟ್ಟ. ಅಂತರವು ಹೀಗೆ ಮನೆತನದಲ್ಲಿ ಇಳಿದು ಬರುತ್ತದೆ.

ಇಷ್ಟು ಬಡ ಪ್ರಜೆಗಳ ಮೇಲೆ ಕುಳಿತ ಅರಸನು ಯಾರು? 1937ರ ಫೆಬ್ರುವರಿಯಲ್ಲಿ ಅಮೇರಿಕೆಯ ‘ಟೈಮ್’ ಪತ್ರಿಕೆಯು ಮೀರ್ ಉಸ್ಮಾನ ಅಲಿ ಖಾನರ ಭಾವಚಿತ್ರವನ್ನು ಮುಖಪುಟಕ್ಕೆ ಹಾಕಿ ಜಗತ್ತಿನಲ್ಲಿಯೇ ಅತ್ಯಂತ ಶ್ರೀಮಂತನೆಂದು ಸಾರಿತು. ದೊಡ್ಡ ವಜ್ರವೊಂದನ್ನು ಕಾಗದ ಹಾರದಂತೆ ಒತ್ತಿಡಲು ಬಳಸುತ್ತಿದ್ದರಂತೆ. ರಾಜ್ಯದ ನೆಲದಲ್ಲಿ ಮೂರರಲ್ಲೊಂದು ಪಾಲು ಜಹಗೀರದಾರರದು, ಹತ್ತರಲ್ಲೊಂದು ಪಾಲು ನಿಜಾಮರ ಸ್ವಂತದ ‘ಸರ್ಫೆ ಖಾಸ್’. ಜಹಗೀರಿಯ ಹಳ್ಳಿಯಲ್ಲಿ ಜಹಗೀರದಾರನೇ ಸರಕಾರ, ಅವನ ಕಾರಕೂನನೇ ಕಾಯಿದೆ, ಬಿಟ್ಟಿ ದುಡಿಮೆಯೇ ರೂಢಿ. ಇದು 1949ರಲ್ಲಿ ರದ್ದಾಯಿತು. ಈಗಿನ ಅರ್ಥಶಾಸ್ತ್ರಿಗಳು ತಲಾ ಆದಾಯ ತಲಾ ಆದಾಯ ಎಂದು ಜಪಿಸುವದನ್ನು ಕೇಳಿದಾಗ ನಮಗೆ ಈ ವಜ್ರದ ನೆನಪಾಗುತ್ತದೆ. ನಿಜಾಮರ ಖಜಾನೆಯನ್ನೂ ಕುಷ್ಟಗಿಯ ಕೂಲಿಯ ಕಿಸೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿರಿ: ಇಬ್ಬರೂ ಕೋಟ್ಯಧೀಶರು! ಹೈದರಾಬಾದ ಶಹರದಲ್ಲಿ ಮೂಸಿ ನದಿಯ ದಂಡೆಗೆ ಅರಮನೆಯಂಥ ಆಸ್ಪತ್ರೆ ಎದ್ದಿತು. ಅದು ನಿಜ, ಇಂದಿಗೂ ನೋಡುವಂತಿದೆ. ಕುಷ್ಟಗಿಯ ಬಾಣಂತಿಗೆ ಅದರಿಂದ ಏನಾಯಿತು?

ಇಷ್ಟು ಹೇಳಿ ನಾವು ಈಚೆಯ ರಾಜ್ಯಕ್ಕೆ ಆರತಿ ಎತ್ತುವವರಲ್ಲ. 1876ರಿಂದ 78ರ ವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಜನ ಸತ್ತ ಪರಿಯನ್ನು ನೆನೆದರೆ ಸಾಕು. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಕುಸಿದು ಹೋಗಿದ್ದಿತು. ಆ ಹೆಣಗಳ ತರುವಾಯ ಸರಕಾರಕ್ಕೆ ಬುದ್ಧಿ ಬಂದು, 1880ರ ದಶಕದಲ್ಲಿ ಗದಗ-ಹೊಟಗಿ ರೈಲುಹಾದಿ ಹಾಕಿದರು. ಬಾದಾಮಿಗೂ ಬಾಗಲಕೋಟೆಗೂ ಸ್ಟೇಶನ್ನು ಬಂದಿತು. 1937ರ ಚುನಾವಣೆಯಲ್ಲಿ ನಮ್ಮವರು ಮತ ಹಾಕಿದರು ಎಂದು ಹೇಳುತ್ತೇವೆ, ಯಾರು ಹಾಕಿದರು? ಕರ ತುಂಬುವವರು, ಓದಿದವರು. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನಿಗೆ ಮತವಿರಲಿಲ್ಲ. ಆದರೂ ಒಂದು ಮಾತು ಉಂಟು: ಜನರು ಆರಿಸಿದ ಮಂತ್ರಿಮಂಡಲವೆಂಬುದು ಹೇಗಿರುತ್ತದೆಂಬುದನ್ನು ಈಚೆಯವರು 1937ರಲ್ಲಿಯೇ ಕಂಡರು, ಆಚೆಯವರು ಅದಕ್ಕಾಗಿ 1952ರ ವರೆಗೆ ಕಾಯಬೇಕಾಯಿತು. ಕೆಲಸಗಾರರ ಸಂಘಕ್ಕೆ 1926ರ ಕಾಯಿದೆಯ ಆಸರೆ ಈಚೆಗೆ ಇದ್ದಿತು. ಸಂಪು ಹೂಡಿ ಸೋಲಬಹುದು, ಜೈಲಿಗೆ ಹೋಗಬಹುದು, ಆದರೆ ಸಂಪು ಹೂಡುವದೇ ರಾಜದ್ರೋಹವಲ್ಲ. ದುಡಿಯುವವನ ಬಾಳಿನ ಮಟ್ಟ ಅಳೆಯುವಾಗ ಹಿಟ್ಟಿನ ಡಬ್ಬಿಯಷ್ಟೇ ಇದನ್ನೂ ನೋಡಬೇಕೆಂದು ನಮ್ಮ ಮತ.

1956ರ ನವಂಬರ 1ಕ್ಕೆ ಎರಡೂ ಬದಿಯವರು ಒಂದೇ ರಾಜ್ಯದವರಾದರು. ಆಮೇಲೆ ಆದದ್ದೇನು? ಇದು ನಮ್ಮ ವಾದದ ತಿರುಳು. ಓದುಗರು ಸ್ವಲ್ಪ ನಿಂತು ನೋಡಬೇಕು. 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯ ಸಾಕ್ಷರತೆ ನೂರಕ್ಕೆ 68.82. ಕುಷ್ಟಗಿ ಸೇರಿದ ಕೊಪ್ಪಳ ಜಿಲ್ಲೆಯದು 68.09. ಅಂತರ ಒಂದು ಪೈಸೆಯಷ್ಟೂ ಇಲ್ಲ! ಆಚೆಯವರು ಹುಟ್ಟಾ ಮಂದಬುದ್ಧಿಯವರು, ಮೈಗಳ್ಳರು ಎಂದು ಒಂದು ಕಾಲಕ್ಕೆ ನಮ್ಮಲ್ಲಿಯ ಜಾಣರು ಹೇಳುತ್ತಿದ್ದರು. ಹುಟ್ಟುಗುಣವಾಗಿದ್ದರೆ ಅರವತ್ತು ವರುಷದಲ್ಲಿ ಹೇಗೆ ಹೋಯಿತು? ಒಂದೇ ಭಾಷೆಯ ಸಾಲೆ, ಒಂದೇ ಕಾಯಿದೆ, ಒಂದೇ ಮತಪೆಟ್ಟಿಗೆ ಬಂದಮೇಲೆ ಗೆರೆ ತಾನಾಗಿ ಮಾಸಿತು. ಎಲ್ಲೆಡೆಗೂ ಮಾಸಿತೆಂದಲ್ಲ, ಯಾದಗಿರಿ ಜಿಲ್ಲೆಯ ಅಂಕಿ ಅದೇ ವರುಷ 51.83 ಇದ್ದಿತು. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ 39 ತಾಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದವೇ. ಇನ್ನೊಂದು ಅಂಕಿಯನ್ನೂ ನೋಡಿರಿ: ಇಡಿಯ ಕರ್ನಾಟಕದ ಸಾಕ್ಷರತೆ 75.36. ಎಂದರೆ ಬಾಗಲಕೋಟೆ-ಕೊಪ್ಪಳಗಳು ಸರಿಸಮವಾದದ್ದು ನಿಜ, ಇಬ್ಬರೂ ರಾಜ್ಯದ ಕೆಳಗೇ ಸರಿಸಮವಾದರು.

ಈಗ ನಮ್ಮ ಬೀದಿಗಳಲ್ಲಿ ಕುದಿಯುತ್ತಿರುವ ಮಾತಿಗೆ ಬರೋಣ. ಸಂವಿಧಾನದ 371ಜೆ ಕಲಮು 2013ರಲ್ಲಿ ಜಾರಿಗೆ ಬಂದಿತು. ಹಳೆಯ ನಿಜಾಮ ಸೀಮೆಯ ಜಿಲ್ಲೆಗಳಿಗೆ, ಅವುಗಳ ಜೊತೆಗೆ ಮದರಾಸ ಇಲಾಖೆಯಿಂದ ಬಂದ ಬಳ್ಳಾರಿಗೆ, ಅಲ್ಲಿಯ ಸರಕಾರಿ ಕೆಲಸಗಳಲ್ಲಿ ನೂರಕ್ಕೆ 75ರಿಂದ 85ರ ವರೆಗೆ, ಕಾಲೇಜು ಸೀಟುಗಳಲ್ಲಿ ನೂರಕ್ಕೆ 70 ಮೀಸಲಾದವು. ಹೊರಗಿನ ಜಿಲ್ಲೆಗಳ ಕಾಲೇಜುಗಳಲ್ಲಿ ಸಹ ನೂರಕ್ಕೆ 8. ಅಭಿವೃದ್ಧಿ ಮಂಡಳಿಗೆ ವರುಷಕ್ಕೆ ಸಾವಿರಾರು ಕೋಟಿ. ಇಳಕಲ್ಲಿನ ತಂದೆ ಕೇಳುತ್ತಾನೆ: “ನನ್ನ ಮಗನಿಗೂ ಕುಷ್ಟಗಿಯ ನನ್ನ ಷಡ್ಡಕನ ಮಗನಿಗೂ ಒಂದೇ ಅಂಕ ಬಂದಾವು. ಅವನಿಗೆ ಸೀಟು ಸಿಕ್ಕಿತು, ನನ್ನ ಮಗನಿಗೆ ಇಲ್ಲ. ನಾ ಏನು ತಪ್ಪು ಮಾಡೀನಿ?” ತಪ್ಪು ಅವನದಲ್ಲ. ಅವನ ಕುದಿಗೆ ಇನ್ನೊಂದು ಕಾರಣವೂ ಉಂಟು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿಗೆ ಮುಳುಗಿದ್ದು ಬಾಗಲಕೋಟೆಯವರ ಹೊಲ, ಮನೆ, ಅಂಗಡಿಯ ಕಟ್ಟೆ. ಕೆಳಗಿನ ನಾರಾಯಣಪುರದ ಕಾಲುವೆಗಳ ನೀರು ಬಹುಪಾಲು ಹರಿದದ್ದು ಸುರಪುರ, ಶಹಾಪುರ, ಲಿಂಗಸೂಗೂರು, ದೇವದುರ್ಗಗಳ ಕಡೆಗೆ. ಕೊಟ್ಟವರು ನಾವು, ಪಡೆದವರು ಅವರು ಎಂದು ಹೇಳುವವನ ಬಾಯಿ ಮುಚ್ಚಿಸುವದು ಸುಲಭವಲ್ಲ.

ಆದರೂ ಆಚೆಯವರ ಸವಲತ್ತನ್ನು ಕಿತ್ತುಕೊಳ್ಳಬೇಕೆನ್ನುವ ಕೂಗಿಗೆ ನಮ್ಮ ಬೆಂಬಲವಿಲ್ಲ. ನೂರಾಮೂವತ್ತು ವರುಷದ ಬಾಕಿಯನ್ನು ಯಾರಾದರೂ ತೀರಿಸಲೇಬೇಕು. ಕೇಳಬೇಕಾದದ್ದು ಬೇರೆ. 371ಜೆ ಕಲಮು ಹುಟ್ಟಿದ ಊರನ್ನು ನೋಡುತ್ತದೆ, ಮನೆಯ ಒಲೆಯನ್ನು ನೋಡುವದಿಲ್ಲ. ಗುಲಬರ್ಗೆಯ ಹಳೆಯ ಜಹಗೀರದಾರನ ಮೊಮ್ಮಗನಿಗೂ ದೋಟಿಹಾಳದ ನೇಕಾರನ ಮೊಮ್ಮಗನಿಗೂ ಒಂದೇ ಪ್ರಮಾಣಪತ್ರ. ಸೀಟನ್ನು ಯಾರು ಹೊಡೆಯುತ್ತಾರೆಂಬುದನ್ನು ಬಿಡಿಸಿ ಹೇಳಬೇಕೆ? ಹೈದರಾಬಾದ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರು, ನಮ್ಮ ಮುಂಬಯಿ ಕರ್ನಾಟಕಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕವೆಂದರು. ಹೆಸರು ಚಲೋ ಇವೆ. ಬಾದಾಮಿಯ ಚಾಳುಕ್ಯರ ಕಾಲಕ್ಕೆ ಈ ಸೀಮೆಯೆಲ್ಲ ಒಂದೇ ಆಗಿದ್ದಿತೆಂದು ವೇದಿಕೆಯ ಮೇಲೆ ಭಾಷಣವೂ ಚಲೋ ಆಗುತ್ತದೆ.

ಮಗ್ಗದ ಹತ್ತಿರ ಹೋಗಿ ನೋಡಿರಿ. ಇಳಕಲ್ಲಿನಲ್ಲಿಯೂ ಹನುಮಸಾಗರದಲ್ಲಿಯೂ ನೆಯ್ಯುವದು ಅದೇ ಸೀರೆ. ಒಡಲಿನ ಹಾಸಿಗೆ ಸೆರಗಿನ ರೇಶಿಮೆಯ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ಆ ಕೆಲಸ ಜಗತ್ತಿನಲ್ಲಿ ಬೇರೆಲ್ಲಿಯೂ ಇಷ್ಟು ಹೆಸರಾಗಿಲ್ಲ. ಹೆಂಡತಿ ಕಂಡಿಕೆ ಸುತ್ತಬೇಕು, ಮಕ್ಕಳು ಎಳೆ ಕೂಡಿಸಿ ಕೊಡಬೇಕು. ಮಜೂರಿ ಮಾತ್ರ ಒಬ್ಬನ ಹೆಸರಿಗೆ. 2019-20ರ ಕೈಮಗ್ಗ ಗಣತಿಯು ಇಡಿಯ ದೇಶದ ನೇಕಾರ ಮನೆತನಗಳಲ್ಲಿ ಮೂರರಲ್ಲಿ ಎರಡು ಪಾಲಿನವರ ತಿಂಗಳ ಗಳಿಕೆ 5,000 ರೂಪಾಯಿಯ ಒಳಗೆ ಎಂದು ಹೇಳಿತು. ಅಷ್ಟರಲ್ಲಿ ವಿದ್ಯುತ್ ಮಗ್ಗದ ನಕಲಿ ‘ಇಳಕಲ್ಲ’ ಸೀರೆ ಅರ್ಧ ಬೆಲೆಗೆ ಅಂಗಡಿಗೆ ಬರುತ್ತದೆ. ಅದನ್ನು ಮಾರುವ ಸಣ್ಣ ವ್ಯಾಪಾರಿಯನ್ನು ಬೈದು ಫಲವಿಲ್ಲ. ಗಿರಾಕಿಯ ಕೈಯಲ್ಲಿ ದುಡ್ಡಿಲ್ಲದಾಗ ಅವನಾದರೂ ಏನು ಮಾಡಿಯಾನು? ಕುಷ್ಟಗಿ ಬದಿಯ ನೇಕಾರನಿಗೆ 371ಜೆ ಇದ್ದರೂ ಮಜೂರಿ ಒಂದು ದುಗ್ಗಾಣಿ ಏರಿಲ್ಲ, ಇಳಕಲ್ಲಿನವನಿಗೆ ಇಲ್ಲವೆಂದು ಇಳಿದೂ ಇಲ್ಲ. ಮಜೂರಿ ಗೊತ್ತುಮಾಡುವ ಮಾಲಕನು ಆ ಕಲಮನ್ನು ಓದುವದಿಲ್ಲ.

ಅದಕ್ಕಾಗಿಯೇ ಜನರ ಕಾಲುಗಳು ಈಗ ಯಾವ ದಿಕ್ಕಿಗೆ ನಡೆಯುತ್ತಿವೆಯೆಂದು ಮತ್ತೆ ಕೇಳುತ್ತೇವೆ. ಆಚೆಯಿಂದ ಈಚೆಗಲ್ಲ, ಈಚೆಯಿಂದ ಆಚೆಗೂ ಅಲ್ಲ. ಸುಗ್ಗಿ ಮುಗಿದ ಮೇಲೆ ಬಾದಾಮಿ, ಹುನಗುಂದ, ಕುಷ್ಟಗಿ, ಯಲಬುರ್ಗಿಗಳವರೆಲ್ಲ ಒಂದೇ ಬಗೆಯ ಚೀಲ ಕಟ್ಟಿಕೊಂಡು ಗೋವೆ, ಮಂಗಳೂರು, ಬೆಂಗಳೂರುಗಳ ದಾರಿ ಹಿಡಿಯುತ್ತಾರೆ. ಅಲ್ಲಿಯ ಕಟ್ಟಡದ ಕೆಲಸದಲ್ಲಿ ಇಬ್ಬರಿಗೂ ಒಂದೇ ತಗಡಿನ ಜೋಪಡಿ. ಗೋವೆಯವರು ಇಬ್ಬರನ್ನೂ ಘಾಟಿಗಳೆಂದೇ ಕರೆಯುತ್ತಾರೆ, ನಿಜಾಮರ ಕಡೆಯವನೋ ಇಂಗ್ಲಿಷರ ಕಡೆಯವನೋ ಎಂದು ವಿಚಾರಿಸುವದಿಲ್ಲ.

ಕೊನೆಗೆ ರೈಲಿನ ಮಾತು. ಬಾಗಲಕೋಟೆಗೆ ರೈಲು ಬಂದು ನೂರಾನಾಲ್ವತ್ತು ವರುಷವಾದ ಮೇಲೆ, 2025ರ ಮೇ ತಿಂಗಳಲ್ಲಿ, ಗದಗ-ವಾಡಿ ಹಾದಿಯ ತಳಕಲ್ಲ-ಕುಷ್ಟಗಿ ಭಾಗ ತೆರೆದು ಕುಷ್ಟಗಿಯವರು ತಮ್ಮ ಊರಲ್ಲಿ ಮೊದಲ ಸಲ ರೈಲು ಕಂಡರು. ಅವರ ಸಂತೋಷದಲ್ಲಿ ನಾವೂ ಪಾಲುಗಾರರು. ಆದರೆ ಹುನಗುಂದಕ್ಕಾಗಲಿ ಇಳಕಲ್ಲಿಗಾಗಲಿ ರೈಲು ಇನ್ನೂ ಬಂದಿಲ್ಲ. ಸೀರೆಯ ಗಂಟು, ಕೆಂಪು ಗ್ರಾನೈಟಿನ ಕಲ್ಲು ಎರಡೂ ರಸ್ತೆಯ ಮೇಲೆಯೇ ಹೋಗಬೇಕು. ಇಳಕಲ್ಲಿನ ವ್ಯಾಪಾರಸ್ಥರು ರೈಲಿಗಾಗಿ ಇನ್ನು ಕುಷ್ಟಗಿಗೆ ಹೋಗಬಹುದು. ನಾಕೆಯಲ್ಲಿ ಗಂಟು ಬಿಚ್ಚಿಸುವವರು ಈಗ ಯಾರೂ ಇಲ್ಲ. ಎರಡೂ ಊರಿನ ನೇಕಾರರು ಒಂದೇ ಮಜೂರಿಯ ಪಟ್ಟಿ ಬರೆದು ಮಾಲಕರ ಮುಂದೆ ಇಡುವದಾದರೆ, ಆ ಸಭೆಯನ್ನು ಕುಷ್ಟಗಿಯ ಸ್ಟೇಶನ್ನಿನ ಹೊರಗಿನ ಬಯಲಿನಲ್ಲಿಯೇ ಸೇರಿಸಬಹುದು. ಅದಕ್ಕೂ ಈಗ ಯಾವ ಅರಸನ ಅಪ್ಪಣೆ ಬೇಕಾಗಿಲ್ಲ.